ಖೋ ಕೊಡುವವರೆಗೆ

ಲಾವಣ್ಯಾಳ ಕಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ದಹಿಸರ್‌ನ ಖೋ ಖೋ ಮಂಡಳಿಯಲ್ಲಿ ಅವಳಷ್ಟು ಬಿರುಸಾಗಿ ಓಡುವವರು ಇನ್ನೊಬ್ಬರಿಲ್ಲ ಎಂದು ಕೋಚ್ ರೂಪಾಲಿ ಮೇಡಂ ಹತ್ತು ಜನರ ಮುಂದೆ ಹೇಳಿದ್ದರು. ದೋಷವಿದ್ದದ್ದು ಕೈಯಲ್ಲಿ. ಅದು ಕೊಡುವ ಕೈಯಲ್ಲ. ಖೋ ಖೋದಲ್ಲಿ ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವರು ಎದುರು ತಂಡದವರನ್ನು ಬೆನ್ನಟ್ಟುತ್ತಾರೆ. ಓಡುವವರು ಸಾಲಿನ ಆಚೆ ನುಸುಳಿದರೆ ಬೆನ್ನಟ್ಟುವವರು ಹಿಂದೆ ನುಗ್ಗುವಂತಿಲ್ಲ. ಕೂತವರೊಬ್ಬರ ಬೆನ್ನು ಮುಟ್ಟಿ 'ಖೋ' ಎನ್ನಬೇಕು, ಅವರೆದ್ದು ಓಡಬೇಕು, ಮುಟ್ಟಿದವರು ಆ ಜಾಗದಲ್ಲಿ ಕೂರಬೇಕು. ಇದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಇಪ್ಪತ್ತೊಂದರ ಲಾವಣ್ಯಾಳಿಗೆ ಮಾತ್ರ ಒಮ್ಮೆ ಎದ್ದರೆ ಮತ್ತೆ ಕೂರಲು ಮನಸ್ಸೇ ಬಾರದು. ತುದಿಯ ಕಂಬ ಸುತ್ತಿ ಈ ಕಡೆ, ಮತ್ತೆ ಕಂಬ ಸುತ್ತಿ ಆ ಕಡೆ, ಉಸಿರು ಕಟ್ಟುವ ತನಕ ತಾನೇ ಓಡುವಳು. "ಇವಳು ಎದ್ದಳಲ್ಲ, ಇನ್ನು ನಾವು ಡಬ್ಬಾ ಬಿಚ್ಚಿ ಊಟ ಮಾಡಬಹುದು" ಎಂದು ಸಾಲಿನಲ್ಲಿ ಕೂತ ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಮುಂಬಯಿ ಉಪನಗರ ಜಿಲ್ಲಾ ತಂಡಕ್ಕೆ ಸೇರಬೇಕು ಎಂಬುದು ಅವಳ ಒಂದೇ ಹಟ. ಅಕ್ಟೋಬರಿನ ಒಂದು ಸಂಜೆ ರೂಪಾಲಿ ಮೇಡಂ ಬದಿಗೆ ಕರೆದು ಮರಾಠಿ ಬೆರೆತ ಹಿಂದಿಯಲ್ಲಿ ಹೇಳಿದರು: "ಓಟ ನಿನಗೆ ದೇವರು ಕೊಟ್ಟಿದ್ದಾನೆ. ಖೋ ಕೊಡುವುದನ್ನು ನೀನೇ ಕಲಿಯಬೇಕು. ಕಲಿಯುವ ತನಕ ನಿನ್ನ ಹೆಸರನ್ನು ನಾನು ಕಳಿಸುವುದಿಲ್ಲ."

ಎಲ್ಲಿ ಕಲಿಯಬೇಕು ಎಂಬುದನ್ನೂ ಅವರೇ ಹೇಳಿದರು. ದಹಿಸರ್ ಪೂರ್ವದಲ್ಲಿ, ಬುದ್ಧಿ ನಿಧಾನವಾಗಿ ಬೆಳೆದ ದೊಡ್ಡವರಿಗಾಗಿ ಒಂದು ಕೇಂದ್ರವಿತ್ತು. ಡಿಸೆಂಬರಿನ ಒಂದು ಪಂದ್ಯಾವಳಿಗೆ ಅವರು ಹೆಂಗಸರ ತಂಡ ಕಟ್ಟುತ್ತಿದ್ದರು. ಅರ್ಧ ಕೇಂದ್ರದವರು, ಅರ್ಧ ಹೊರಗಿನ ಆಟಗಾರ್ತಿಯರು. "ಅಲ್ಲಿ ಒಬ್ಬಳಿದ್ದಾಳೆ. ಅವಳಿಗೆ ಕನ್ನಡ ಬಿಟ್ಟು ಇನ್ನೇನೂ ಬಾರದು. ನಿನ್ನದೂ ಕನ್ನಡವೇ ಅಲ್ಲವೇ?"

ಕನ್ನಡವೇ, ಹೌದು. ಉಡುಪಿ ಕಡೆಯ ಮನೆ. ಅಪ್ಪ ಅಂಧೇರಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ಮನೆಯಲ್ಲಿ ತುಳು, ಕನ್ನಡ ಎರಡೂ ಓಡಾಡಿಕೊಂಡಿದ್ದವು. ಆದರೆ ಲಾವಣ್ಯಾಳಿಗೆ ಅವು ಕಿವಿಯ ಭಾಷೆಗಳು. ಬಾಯಿಂದ ಹೊರಡುವಾಗ ಹಿಂದಿಯ ಊರುಗೋಲು ಹಿಡಿದು ಕುಂಟುತ್ತ ಬರುತ್ತಿದ್ದವು. ಜಿಲ್ಲಾ ತಂಡದ ಪಟ್ಟಿಯ ಆಸೆಗೆ ಅವಳು "ಬರ್ತದೆ ಮೇಡಂ" ಎಂದುಬಿಟ್ಟಳು.

ಮಲ್ಲಕ್ಕನಿಗೆ ಇಪ್ಪತ್ತೇಳು ವರ್ಷ. ಗಟ್ಟಿ ಮೈ, ಎಣ್ಣೆ ಹಚ್ಚಿ ಬಿಗಿದ ಒಂಟಿ ಜಡೆ, ಕೊರಳಲ್ಲಿ ತಾಯಿಯ ಫೋನ್ ನಂಬರ್ ಬರೆದ ಕಾರ್ಡು. ತಾಯಿ ಸೋಮವ್ವ ಬಾಗಲಕೋಟೆ ಕಡೆಯವಳು, ದಹಿಸರ್‌ನ ನಾಲ್ಕು ಬಿಲ್ಡಿಂಗುಗಳಲ್ಲಿ ಮನೆಗೆಲಸ ಮಾಡುತ್ತಿದ್ದಳು. ಗಂಡ ತೀರಿಕೊಂಡಿದ್ದ, ಮಗಳನ್ನು ಯಾರ ಬಳಿ ಬಿಡುವುದು? ಕೆಲಸಕ್ಕೆ ಹೋದಲ್ಲೆಲ್ಲ ಕೆಳಗಿನ ಮೆಟ್ಟಿಲ ಮೇಲೆ ಕೂಡಿಸಿ, "ನಾ ಬರೂತನಕ ಏಳಬ್ಯಾಡ" ಎಂದು ಹೇಳಿ ಮೇಲೆ ಹೋಗುವಳು. ಹೀಗೆ ಮಲ್ಲಕ್ಕ ಮುಂಬಯಿಯಲ್ಲಿ ಬೆಳೆದದ್ದೇ ಕೂತು. ಬೇರೆ ಮಕ್ಕಳ ಜೊತೆ ಬೀದಿಗಿಳಿದವಳಲ್ಲವಾದ್ದರಿಂದ ಹಿಂದಿ, ಮರಾಠಿ ಅವಳ ಹತ್ತಿರ ಸುಳಿಯಲಿಲ್ಲ. ಕೇಂದ್ರಕ್ಕೆ ಬರತೊಡಗಿ ಒಂದು ವರ್ಷವಾಗಿತ್ತಷ್ಟೆ. ಅಲ್ಲಿಯೂ ಅವಳ ಮಾತು ಯಾರಿಗೂ ತಿಳಿಯದು, ಯಾರ ಮಾತೂ ಅವಳಿಗೆ ತಿಳಿಯದು.

"ನಮಸ್ತೆ. ನಾನು ಲಾವಣ್ಯಾ," ಎಂದಳು ಲಾವಣ್ಯಾ ಮೊದಲ ದಿನ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು. "ನಿಮಗೆ ಆಟ ಆಡ್ಲಿಕ್ಕೆ... ಮನಸ್ಸು ಉಂಟಾ?"

ಮಲ್ಲಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಉಂಟಾ ಅಂದ್ರ?"

"ಅಂದ್ರೆ... ಹೈ ಕ್ಯಾ."

"ಐತೇನು ಅನ್ನು." ಮಲ್ಲಕ್ಕ ತೊಡೆ ತಟ್ಟಿಕೊಂಡು ನಕ್ಕಳು. "ಉಂಟಾ ಅಂತ, ಉಂಟಾ! ಏ ಯವ್ವಾ, ಈಕಿಗೆ ಮಾತಾಡಾಕ ಬರೂದಿಲ್ಲ!"

ತನಗಿಂತ ಮಾತು ಕಡಿಮೆ ಬರುವವರನ್ನು ಮಲ್ಲಕ್ಕ ಜೀವಮಾನದಲ್ಲೇ ನೋಡಿರಲಿಲ್ಲ. ಅಂದಿನಿಂದ ಲಾವಣ್ಯಾಳಿಗೆ ಕನ್ನಡ ಕಲಿಸುವ ಭಾರವನ್ನು ಅವಳು ತಾನಾಗಿಯೇ ಹೊತ್ತುಕೊಂಡಳು. ರೊಟ್ಟಿ ತೋರಿಸಿ ಹೆಸರು ಹೇಳಿಸುವಳು, ಕಾಗೆ ತೋರಿಸಿ ಹೇಳಿಸುವಳು, ತಪ್ಪಿದರೆ ತಲೆಗೆ ಮೆಲ್ಲಗೆ ಮೊಟಕುವಳು. 'ಲಾವಣ್ಯಾ' ಎಂಬುದು ನಾಲಿಗೆಗೆ ಉದ್ದವಾಯಿತೆಂದು 'ಲಾವಿ' ಮಾಡಿಕೊಂಡಳು. ಪಟ್ಟಿಯ ಆಸೆಗೆ ಬಂದವಳು ಎರಡನೇ ವಾರಕ್ಕೆ ಪಟ್ಟಿಯನ್ನು ಮರೆತು ನಗುತ್ತಿದ್ದಳು.

ಆಟದಲ್ಲಿ ತೊಂದರೆ ಒಂದೇ. ಮಲ್ಲಕ್ಕ ಕೂರುವುದರಲ್ಲಿ ಪಂಡಿತೆ, ಓಡಿದರೂ ಚೆನ್ನಾಗಿಯೇ ಓಡುವಳು. ಆದರೆ ಯಾರು 'ಖೋ' ಎಂದರೂ ಎದ್ದುಬಿಡುವಳು. ಪಕ್ಕದವಳಿಗೆ ಕೊಟ್ಟ ಖೋಗೂ ಏಳುವಳು, ಎದುರು ತಂಡದವರ ಕೂಗಿಗೂ ಏಳುವಳು, ಒಮ್ಮೆ ಬೇಲಿಯಾಚೆ ಯಾರೋ ಕೆಮ್ಮಿದ್ದಕ್ಕೂ ಎದ್ದಳು. ಬೆನ್ನ ಮೇಲೆ ಕೈ ಬೀಳದೆ ಎದ್ದರೆ ಫೌಲ್. ಆಗ ಲಾವಣ್ಯಾ ಒಂದು ಉಪಾಯ ಮಾಡಿದಳು. ಮಲ್ಲಕ್ಕನ ಹಿಂದೆ ಮಂಡಿಯೂರಿ ಕೂತು, ಅವಳ ಎಡ ಹೆಗಲ ಕೆಳಗೆ ಅಂಗೈ ಒತ್ತಿದಳು.

"ಇದು ಯಾರ ಕೈ?"

"ಲಾವಿ ಕೈ."

"ಈ ಕೈ ಬಿದ್ದು, ಖೋ ಅಂದ್ರೆ ಮಾತ್ರ ಏಳ್ಬೇಕು. ಕೈ ಇಲ್ಲ? ಏಳ್ಬಾರ್ದು. ಬೇರೆಯವರ ಕೈ? ಏಳ್ಬಾರ್ದು. ಭೂಕಂಪ ಆದ್ರೂ ಏಳ್ಬಾರ್ದು. ಎದ್ರೆ ಫೌಲ್."

ಮಲ್ಲಕ್ಕನಿಗೆ ಒಂದು ಮಾತು ತಲೆಗೆ ಹೋಗಲು ತಿಂಗಳು ಹಿಡಿಯುತ್ತಿತ್ತು; ಹೋದ ಮೇಲೆ ಗಾರೆ ಹಾಕಿದಂತೆ. ನವೆಂಬರ್ ಕೊನೆಗೆ ಅವಳ ಫೌಲುಗಳು ನಿಂತೇಹೋದವು. ತಂಡದಲ್ಲಿ ಅವಳಿಗೆ ಖೋ ಕೊಡುವವಳು ಲಾವಣ್ಯಾ ಒಬ್ಬಳೇ ಎಂದಾಯಿತು. ಹಾಗಾಗಿ ಎಷ್ಟೇ ಓಟದ ಹುಮ್ಮಸ್ಸಿದ್ದರೂ ಲಾವಣ್ಯಾ ನಡುವೆ ಬಂದು ಆ ಬೆನ್ನನ್ನು ಮುಟ್ಟಿ ಕೂರಲೇಬೇಕಿತ್ತು. ಕೂರುವುದು ಅವಳಿಗೂ ಅಭ್ಯಾಸವಾಯಿತು. 'ನನ್ನ ಕೈಗೆ ಮಾತ್ರ ಏಳುತ್ತಾಳೆ' ಎಂದು ಅವಳಿಗೆ ಒಳಗೊಳಗೇ ಜಂಬವೂ ಇತ್ತು. ಆ ಜಂಬದಲ್ಲೇ ತಪ್ಪು ಅಡಗಿತ್ತು, ಆಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಪಂದ್ಯಗಳಿದ್ದದ್ದು ದಾದರ್‌ನಲ್ಲಿ. ಸೋಮವ್ವನಿಗೆ ರಜೆ ಸಿಗದು; ಲಾವಣ್ಯಾಳೇ ಮಲ್ಲಕ್ಕನನ್ನು ಲೋಕಲ್‌ನಲ್ಲಿ ಕರೆದೊಯ್ಯುವುದು, ಕರೆತರುವುದು. ಲೇಡೀಸ್ ಡಬ್ಬಿಯ ನೂಕುನುಗ್ಗಲಿಗೆ ಮಲ್ಲಕ್ಕ ಹೆದರಿ ಸೀಟಿಗೆ ಅಂಟಿಕೊಂಡರೆ, ಇಳಿಯುವ ಸ್ಟೇಷನ್ ಬಂದಾಗ ಬೆನ್ನಿಗೆ ಕೈಯಿಟ್ಟು "ಖೋ" ಎಂದರಾಯಿತು. ಅವಳು ಎದ್ದು ದಾರಿ ಮಾಡಿಕೊಂಡು ಹೊರಡುವ ರಭಸಕ್ಕೆ ಬಾಗಿಲ ಹೆಂಗಸರು ತಾವಾಗಿಯೇ ಸರಿದು ನಿಲ್ಲುತ್ತಿದ್ದರು.

ಡಿಸೆಂಬರಿನ ಎರಡನೇ ಶನಿವಾರ ಸೆಮಿಫೈನಲ್ ಗೆದ್ದರು. ಇಬ್ಬರೂ ಕುಣಿಯುತ್ತ ದಾದರ್ ಸ್ಟೇಷನ್ನಿಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಪ್ಲಾಟ್‌ಫಾರ್ಮಿನಲ್ಲಿ ಲಾವಣ್ಯಾಳ ಫೋನ್ ಮೊಳಗಿತು. ರೂಪಾಲಿ ಮೇಡಂ. ಜಿಲ್ಲಾ ತಂಡದ ಆಯ್ಕೆಗಾರರು ಇವತ್ತೇ ಬಂದಿದ್ದಾರೆ, ಅದೇ ಮೈದಾನದಲ್ಲಿದ್ದಾರೆ, ಹತ್ತು ನಿಮಿಷ ಬಂದು ಮುಖ ತೋರಿಸಿ ಹೋಗು.

ಮಲ್ಲಕ್ಕನನ್ನು ಜೊತೆಗೆ ಕರೆದೊಯ್ಯಬಹುದಿತ್ತು. ಆದರೆ ದಣಿದ ಮಲ್ಲಕ್ಕನ ನಡಿಗೆಗೆ ಸೇತುವೆ ಹತ್ತಿ ಇಳಿಯುವುದೇ ಹತ್ತು ನಿಮಿಷ. ಲಾವಣ್ಯಾ ಅವಳನ್ನು ಬೆಂಚಿನ ಮೇಲೆ ಕೂಡಿಸಿದಳು. "ಮಲ್ಲಕ್ಕ, ಇಲ್ಲೇ ಕೂತಿರು. ನಾನು ಬಂದು ಖೋ ಕೊಡುವವರೆಗೆ ಏಳ್ಬೇಡ ಮಾರಾಯ್ತಿ."

"ಏಳೂದಿಲ್ಲ," ಎಂದಳು ಮಲ್ಲಕ್ಕ, ಮಂಡಿಯ ಮೇಲೆ ಎರಡೂ ಕೈ ಊರಿ, ಸಾಲಿನಲ್ಲಿ ಕೂರುವಂತೆಯೇ.

ಹತ್ತು ನಿಮಿಷವೆಂದದ್ದು ಒಂದು ಪೂರ್ತಿ ಆಟವಾಯಿತು, ಆಮೇಲೆ ಇನ್ನೊಂದು. ಲಾವಣ್ಯಾ ಜನ್ಮದಲ್ಲಿ ಆಡದ ಆಟ ಆಡಿದಳು. ಓಡಿದಳು, ಸರಿಯಾದ ಗಳಿಗೆಗೆ ಖೋ ಕೊಟ್ಟಳು, ಕೂತಳು, ಮತ್ತೆ ಎದ್ದಳು. ಆಯ್ಕೆಗಾರರು ಬೆನ್ನು ತಟ್ಟಿದರು. ಗೆಳತಿಯರ ಜೊತೆ ಚಹಾ ಕುಡಿದು, ವಡಾ ತಿಂದು, ಚೀಲದಿಂದ ಫೋನ್ ತೆಗೆದಾಗ ಸಂಜೆ ಐದೂಮುಕ್ಕಾಲು. ಸೋಮವ್ವನ ಹದಿನಾಲ್ಕು ಕರೆಗಳು ಅಲ್ಲಿದ್ದವು. ಮಲ್ಲಕ್ಕ ಎಂಬವಳೊಬ್ಬಳು ಭೂಮಿಯ ಮೇಲೆ ಇದ್ದಾಳೆ ಎಂಬುದು ಅಷ್ಟು ಹೊತ್ತು ಲಾವಣ್ಯಾಳ ತಲೆಯಲ್ಲಿ ಇರಲೇ ಇಲ್ಲ. ಯಾವ ಬಣ್ಣ ಹಚ್ಚಿದರೂ ಇದು ಮರೆವೇ.

ಅವಳು ಓಡಿದಳು. ಅಂದು ಓಡಿದಂತೆ ಯಾವ ಮೈದಾನದಲ್ಲೂ ಓಡಿರಲಿಲ್ಲ.

ಬೆಂಚಿನ ಸುತ್ತ ಜನ ಕವಿದಿದ್ದರು. ನಡುವೆ ಮಲ್ಲಕ್ಕ, ಮಂಡಿಯ ಮೇಲೆ ಕೈ ಊರಿದವಳು ಊರಿದಂತೆಯೇ. ಒಬ್ಬ ಮಹಿಳಾ ಪೊಲೀಸ್ ಅವಳ ಕೊರಳ ಕಾರ್ಡು ನೋಡಿ ಫೋನ್ ಮಾಡಿದ್ದಳು. ಸೋಮವ್ವ ಕೆಲಸದ ಸೀರೆಯಲ್ಲೇ ದಹಿಸರ್‌ನಿಂದ ಓಡಿಬಂದಿದ್ದಳು. ಪೊಲೀಸ್ ಎಬ್ಬಿಸಲು ನೋಡಿದ್ದಳು, ಇಬ್ಬರು ಹಮಾಲರು ತೋಳು ಹಿಡಿದು ಎಳೆದಿದ್ದರು. ಮಲ್ಲಕ್ಕ ಜಪ್ಪಯ್ಯ ಅಂದರೂ ಏಳಲಿಲ್ಲ.

"ನಾ ಎಬ್ಬಿಸಿದ್ರೂ ಏಳವಲ್ಲಳು," ಎಂದಳು ಸೋಮವ್ವ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಷ್ಟು ಸೋತಿದ್ದಳು. "ಹಡದಾಕಿ ಕೈ ನಡೆಯೂದಿಲ್ಲಂತ. ನಿನ್ನ ಕೈನ ಬೇಕಂತ. ಎಬ್ಬಸು ಬಾ."

ಲಾವಣ್ಯಾ ಬೆಂಚಿನ ಹಿಂದೆ ಬಂದು ಎಡ ಹೆಗಲ ಕೆಳಗೆ ಅಂಗೈ ಇಟ್ಟಳು. ಬಿಕ್ಕಳಿಕೆ ಮಾತ್ರ ಬಂತು.

"ಖೋ ಅನ್ನು, ಲಾವಿ," ಎಂದಳು ಮಲ್ಲಕ್ಕ, ತಿರುಗಿ ನೋಡದೆ. "ಅನ್ನಲಿಲ್ಲಂದ್ರ ಫೌಲ್ ಆಗ್ತೈತಿ."

"ಖೋ," ಎಂದಳು ಲಾವಣ್ಯಾ ಹೇಗೋ.

ಮಲ್ಲಕ್ಕ ಎದ್ದಳು. ಕಾಲು ಜೋಮು ಹಿಡಿದು ತೂರಾಡಿದಳು. ಅವಳ ಬಟ್ಟೆ ಒದ್ದೆಯಾಗಿತ್ತು, ಬೆಂಚೂ ಒದ್ದೆಯಾಗಿತ್ತು. ಸೋಮವ್ವ ಯಾರಿಗೂ ಕಾಣದಂತೆ ತನ್ನ ಶಾಲು ತೆಗೆದು ಮಗಳ ಸೊಂಟಕ್ಕೆ ಸುತ್ತಿದಳು. ಮಲ್ಲಕ್ಕನ ಮುಖ ಮಾತ್ರ ಬೆಳಗುತ್ತಿತ್ತು. "ಎಷ್ಟ ಮಂದಿ ಎಬ್ಬಿಸಿದ್ರು ಗೊತ್ತೇನು? ಪೊಲೀಸೂ ಎಬ್ಬಿಸಿದ್ಳು. ನಾ ಏಳಲೇ ಇಲ್ಲ. ಒಂದೂ ಫೌಲ್ ಇಲ್ಲ, ಲಾವಿ!"

ಬೈದಿದ್ದರೆ ಲಾವಣ್ಯಾ ತಡೆದುಕೊಳ್ಳುತ್ತಿದ್ದಳು. ತಡೆಯಲಾಗದ್ದು ಈ ಹೆಮ್ಮೆ.

ನಾಲ್ಕು ದಿನಕ್ಕೆ ಪಟ್ಟಿ ಬಂತು. ಲಾವಣ್ಯಾಳ ಹೆಸರು ಮೂರನೆಯದು. "ಖೋ ಕೊಡುವುದರಲ್ಲಿ ಇವಳ ಸಮ ಯಾರೂ ಇಲ್ಲ ಎಂದು ಬರೆದಿದ್ದಾರೆ," ಎಂದು ರೂಪಾಲಿ ಮೇಡಂ ಪೇಡೆ ತಿನ್ನಿಸಲು ಬಂದರು. ಲಾವಣ್ಯಾ ಪೇಡೆ ತಿನ್ನಲಿಲ್ಲ. ನಡೆದದ್ದನ್ನು ಹೇಳಿದಳು. ಮೇಡಂ ಪೇಡೆಯನ್ನು ಡಬ್ಬಿಗೆ ಮರಳಿಸಿ, "ಇದನ್ನು ನನ್ನ ಹತ್ತಿರ ಹೇಳಿ ಏನು ಬಂತು?" ಎಂದು ಎದ್ದು ಹೋದರು.

ಸೋಮವ್ವ ಮಗಳನ್ನು ಆಟಕ್ಕೆ ಕಳಿಸುವುದನ್ನು ನಿಲ್ಲಿಸಿದ್ದಳು. ಫೈನಲ್ ಇನ್ನೆರಡು ವಾರಕ್ಕಿತ್ತು. ಲಾವಣ್ಯಾ ಅವರ ಚಾಳಿನ ಮನೆಗೆ ಎರಡು ಸಲ ಹೋದಳು. ಎರಡು ಸಲವೂ ಸೋಮವ್ವ ಹೊಸ್ತಿಲಲ್ಲೇ ನಿಂತು, "ಆಕಿ ಮಲಗ್ಯಾಳ" ಎಂದು ಕಳಿಸಿದಳು. ಹಿಂದಿನಿಂದ ಮಲ್ಲಕ್ಕ ಯಾವುದೋ ಹಾಡು ಗುನುಗುವುದು ಕೇಳುತ್ತಿತ್ತು. ಫೈನಲ್‌ನಲ್ಲಿ ಗೆಲ್ಲುವುದು ಸೋಲುವುದು ಲಾವಣ್ಯಾಳಿಗೆ ಈಗ ಬೇಡವಾಗಿತ್ತು. ಮಲ್ಲಕ್ಕ ಮತ್ತೆ ಸಾಲಿನಲ್ಲಿ ಬಂದು ಕೂರಬೇಕು, ತನ್ನ ಕಡೆಗೆ ಬೆನ್ನು ಮಾಡಿ ಹೆದರದೆ ಕೂರಬೇಕು, ಅಷ್ಟೇ ಬೇಕಿತ್ತು. ಬರದಿದ್ದರೆ ತಾನಿನ್ನು ಯಾರ ಬೆನ್ನ ಮೇಲೂ ಕೈಯಿಡಲು ಯೋಗ್ಯಳಲ್ಲ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ಮೂರನೇ ಸಲ ಸೋಮವ್ವ ಬಾಗಿಲು ತೆರೆದವಳು ಬದಿಗೆ ಸರಿದಳು. "ಬಾ, ನಿನ್ನ ಶಿಷ್ಯಾಳ ಅವತಾರ ನೋಡು ಬಾ," ಎಂದಳು.

ಮಲ್ಲಕ್ಕ ಗೋಡೆಯ ಬದಿಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಒಲೆಯ ಬಳಿ ಬಡಿಸಿಟ್ಟ ತಟ್ಟೆಯಲ್ಲಿ ಅನ್ನ ಆರುತ್ತಿತ್ತು. "ಆಟಕ್ಕ ಬ್ಯಾಡ ಅಂದ ದಿನದಿಂದ ಇದ ಕತಿ. ಉಣ್ಣಾಕ ಏಳೂದಿಲ್ಲ, ಜಳಕಕ್ಕ ಏಳೂದಿಲ್ಲ. ನಾ ದಿನಾ ಹಿಂದ ನಿಂತು ಖೋ ಖೋ ಅಂತ ಬಡಕೋತೀನಿ, ಆಜೂಬಾಜೂ ಮಂದಿ ನಗತಾರ. ಲಾವಿ ಕೈ ಅಲ್ಲಂತ! ಹಸಿವು ತಡೀಲಾರದಾಗ ಬೈಕೋತ ಎದ್ದು ಉಣತಾಳ, ಮತ್ತ ಹೋಗಿ ಕುಂದ್ರತಾಳ."

ಲಾವಣ್ಯಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮಲ್ಲಕ್ಕನ ಎದುರಿಗೆ ನೆಲದ ಮೇಲೆ ಕೂತಳು.

"ಮಲ್ಲಕ್ಕ, ನಾನು ನಿನಗೆ ತಪ್ಪು ಹೇಳಿಕೊಟ್ಟೆ. ನನ್ನ ಕೈ ಮಾತ್ರ ಅಂದೆ. ಅಮ್ಮನ ಕೈ ಕೂಡ ಕೈಯೇ. ತಂಡದವರ ಕೈ ಕೂಡ. ಮತ್ತೆ... ಹಸಿವಾದ್ರೆ, ಹೆದರಿಕೆ ಆದ್ರೆ, ಯಾರೂ ಬರದಿದ್ರೆ, ನೀನೇ ಏಳ್ಬೇಕು. ಅದು ಫೌಲ್ ಅಲ್ಲ."

"ಖೋ ಇಲ್ಲದ?"

"ಖೋ ಇಲ್ಲದೆ."

ಮಲ್ಲಕ್ಕನ ತಲೆಯಲ್ಲಿ ಗಾರೆ ಒಡೆಯುವುದು ಸುಲಭವಿರಲಿಲ್ಲ. ಆಮೇಲೆ ನೇರವಾಗಿ ಕೇಳಿದಳು: "ಅವತ್ತ ನೀ ಮರತಿದ್ದೇನು?"

ಟ್ರೇನ್ ತಡವಾಯಿತು ಎನ್ನಬಹುದಿತ್ತು. ಮುಂಬಯಿಯಲ್ಲಿ ಆ ಸುಳ್ಳನ್ನು ಯಾರೂ ಅನುಮಾನಿಸುವುದಿಲ್ಲ. "ಹೌದು ಮಲ್ಲಕ್ಕ. ಮರೆತೆ," ಎಂದಳು ಲಾವಣ್ಯಾ.

"ನನಗ ಕಾಲ ಜೋಮ ಹಿಡದಿತ್ತು," ಎಂದಳು ಮಲ್ಲಕ್ಕ. ಮಂಡಿ ಸವರಿಕೊಂಡು, "ನಾ ಅಂಜಿದ್ನಿ," ಎಂದಳು. ಇಷ್ಟು ದಿನ ಯಾರಿಗೂ ಹೇಳದ ಮಾತು ಅದು. ಸೋಮವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು.

"ಇನ್ನ ಮರೀಬ್ಯಾಡ."

"ಇಲ್ಲ."

"ಮತ್ತ ಖೋ ಯಾರಿಗೆ ಕೊಡಬೇಕಂತ ನನಗ ಯಾರೂ ಹೇಳಬಾರ್ದು. ನಾ ಓಡೂಮುಂದ ಎಲ್ಲಾರೂ ಒದರತೀರಿ, ಆಕಿಗೆ ಕೊಡು, ಈಕಿಗೆ ಕೊಡು ಅಂತ. ನಾನ ಕೊಡತೀನಿ. ನನಗ ಬೇಕಾದವ್ರಿಗೆ."

ಇದೊಂದು ಲಾವಣ್ಯಾಳಿಗೆ ಹೊಳೆದೇ ಇರಲಿಲ್ಲ. ಅವಳು ಒಪ್ಪಿ ತಲೆಯಾಡಿಸಿದಳು. ಮಲ್ಲಕ್ಕ ಎದ್ದು, ತಟ್ಟೆಯ ಮುಂದೆ ಕೂತು, ಆರಿದ ಅನ್ನ ಉಣ್ಣತೊಡಗಿದಳು. ಅವಳಿಗೆ ಯಾರೂ ಖೋ ಕೊಟ್ಟಿರಲಿಲ್ಲ.

ಬಾಗಿಲ ತನಕ ಕಳಿಸಲು ಬಂದ ಸೋಮವ್ವ ದನಿ ತಗ್ಗಿಸಿದಳು. "ನಿನ್ನ ಅಷ್ಟ ಬೈಯಾಕ ನನಗೂ ಬಾಯಿಲ್ಲವ್ವ. ಇಪ್ಪತ್ತ ವರ್ಷ ಮೆಟ್ಟಲ ಮ್ಯಾಲ ಕೂಡಿಸಿ ಹೋಗೀನಿ. ನಾ ಬರೂತನಕ ಏಳಬ್ಯಾಡ ಅಂತ ಮೊದಲ ಕಲಿಸಿದಾಕಿ ನಾನ. ಫೈನಲ್‌ಗೆ ಕರಕೊಂಡ ಬರತೀನಿ. ನಾಕೂ ಮ್ಯಾಡಮ್ಮಗೋಳಿಗೆ ಇವತ್ತ ರಜಾ ಅಂತ ಹೇಳತೀನಿ, ಏನ ಅಂತಾರ ಅನ್ನಲಿ."

ಫೈನಲ್ಲಿನ ದಿನ ಸೋಮವ್ವ ಮೈದಾನದ ಅಂಚಿನಲ್ಲಿ, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದುರಿಗೆ ಪಕ್ಕದ ಠಾಣೆ ನಗರದ ಒಂದು ಕೇಂದ್ರದ ತಂಡ. ಎರಡೂ ತಂಡ ಸರಿಸಮನಾಗಿ ಬಂದು, ಕೊನೆಯ ಸರದಿಯಲ್ಲಿ ಬೆನ್ನಟ್ಟುವ ಪಾಳಿ ಇವರದಾಯಿತು. ಇನ್ನೊಬ್ಬಳನ್ನು ಔಟ್ ಮಾಡಿದರೆ ಗೆಲುವು. ಉಳಿದದ್ದು ಅರ್ಧ ನಿಮಿಷ. ಖೋ ಸಾಲಿನುದ್ದಕ್ಕೂ ಬದಲಾಗುತ್ತ ಬಂದು ಮಲ್ಲಕ್ಕ ಎದ್ದು ಓಡುತ್ತಿದ್ದಳು. ಲಾವಣ್ಯಾ ಸಾಲಿನ ನಡುವೆ, ಮಲ್ಲಕ್ಕನ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಎದುರು ತಂಡದ ಓಟಗಾರ್ತಿ ಸಾಲು ನುಸುಳಿ ಸರಿಯಾಗಿ ಅವಳ ಮುಂದೆಯೇ ಬಂದು ನಿಂತಿದ್ದಳು. ಏಳು ಹೆಜ್ಜೆ ದೂರ. ಖೋ ಬಿದ್ದರೆ ಹಿಡಿದೇಬಿಡಬಹುದು.

"ಲಾವಣ್ಯಾಕೋ ದೇ! ಲಾವಣ್ಯಾಕೋ!" ಎಂದು ಹೊರಗಿನಿಂದ ಎಲ್ಲರೂ ಕೂಗುತ್ತಿದ್ದರು. ಲಾವಣ್ಯಾಳ ಬೆನ್ನು ಕೈಗಾಗಿ ಕಾಯುತ್ತಿತ್ತು. ಹಿಂದಿನಿಂದ ಮಲ್ಲಕ್ಕನ ಭಾರದ ಹೆಜ್ಜೆಗಳು ಬಂದವು, ಬಂದವು, ದಾಟಿ ಹೋದವು.

"ಖೋ!"

ಎದ್ದವಳು ಮಾಧುರಿ. ಲಾವಣ್ಯಾಳಿಂದ ಎರಡು ಜಾಗ ಆಚೆ ಕೂತಿದ್ದ, ಕೇಂದ್ರದವಳೇ ಆದ ಗಿಡ್ಡನೆಯ ಹುಡುಗಿ. ಅವಳಿಗೆ ಆ ದಿನವಿಡೀ ಯಾರೂ ಖೋ ಕೊಟ್ಟಿರಲಿಲ್ಲ. ಲಾವಣ್ಯಾಳ ಮೇಲೇ ಕಣ್ಣು ನೆಟ್ಟಿದ್ದ ಓಟಗಾರ್ತಿ ಬದಿಯಿಂದ ಬಂದ ಮಾಧುರಿಯನ್ನು ನೋಡುವಷ್ಟರಲ್ಲಿ ಮಾಧುರಿಯ ಕೈ ಅವಳ ಭುಜಕ್ಕೆ ತಗುಲಿತ್ತು. ಸೀಟಿ ಮೊಳಗಿತು.

ಎಲ್ಲರೂ ಮಾಧುರಿಯನ್ನು ಎತ್ತಿ ಕುಣಿದರು. ಲಾವಣ್ಯಾ ಕೂತಲ್ಲೇ ಕೂತು ಕೇಳಿದಳು: "ನನಗೆ ಯಾಕೆ ಕೊಡಲಿಲ್ಲ ಮಲ್ಲಕ್ಕ?"

"ಆಕಿ ನಿನ್ನನ್ನ ನೋಡಾಕತ್ತಿದ್ಳು," ಎಂದಳು ಮಲ್ಲಕ್ಕ, ಏದುಸಿರಿನ ನಡುವೆ. "ಎಲ್ಲಾರೂ ನಿನ್ನನ್ನ ನೋಡತಾರ. ಮಾಧುರಿನ್ನ ಯಾರೂ ನೋಡೂದಿಲ್ಲ."

ಸಂಜೆ ದಾದರ್ ಸ್ಟೇಷನ್. ಮಲ್ಲಕ್ಕನ ಕೊರಳಲ್ಲಿ ಕಾರ್ಡಿನ ಜೊತೆಗೆ ಪದಕವೂ ತೂಗುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ನಡೆಯುತ್ತಿದ್ದವಳು ಒಂದು ಬೆಂಚಿನ ಮುಂದೆ ನಿಂತಳು. ಅದೇ ಬೆಂಚು.

"ಕುಂದ್ರು," ಎಂದಳು ಮಲ್ಲಕ್ಕ. ಲಾವಣ್ಯಾ ಕೂತಳು. "ಯವ್ವಾ, ನೀನೂ ಕುಂದ್ರು." ಸೋಮವ್ವ ಗಂಟನ್ನು ಹಿಡಿದುಕೊಂಡು ಕೂತಳು. "ನಾ ಬಂದು ಖೋ ಕೊಡೂತನಕ ಏಳಬ್ಯಾಡ್ರಿ. ಎದ್ರ ಫೌಲ್."

ಹೇಳಿದವಳೇ ತಿರುಗಿ ಜನರ ನಡುವೆ ನಡೆದು ಹೋದಳು. ಜಡೆ ಒಂದು ಗಳಿಗೆ ಕಾಣಿಸಿತು, ಆಮೇಲೆ ಅದೂ ಇಲ್ಲ.

ಸೋಮವ್ವ ಎದ್ದೇಬಿಟ್ಟಿದ್ದಳು. "ಎಲ್ಲಿ ಹೊಂಟ್ಳಿಕಿ! ಹಿಂದಿ ಬರೂದಿಲ್ಲ ಆಕಿಗೆ, ಒಬ್ಬಾಕಿನ ಎಂದೂ ಬಿಟ್ಟಿಲ್ಲ ನಾ—"

ಲಾವಣ್ಯಾ ಅವಳ ಕೈ ಹಿಡಿದು ಎಳೆದು ಕೂಡಿಸಿದಳು. "ಕೂತ್ಕೋ ಅವ್ವ. ಎದ್ರೆ ಫೌಲ್." ಇಷ್ಟು ದಿನ 'ಆಂಟಿ' ಎನ್ನುತ್ತಿದ್ದವಳ ಬಾಯಲ್ಲಿ 'ಅವ್ವ' ಎಂಬುದು ಬಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ವಿರಾರ್ ಲೋಕಲ್ ಬಂತು, ಜನರನ್ನು ಇಳಿಸಿತು, ತುಂಬಿಕೊಂಡಿತು, ಹೋಯಿತು. ನಾಲ್ಕು ನಿಮಿಷ. ಲಾವಣ್ಯಾ ಗಡಿಯಾರ ನೋಡಿದಳು, ಜನರನ್ನು ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಹಿಂದೆ ಸುಳಿದ ಪ್ರತಿಯೊಂದು ಹೆಜ್ಜೆಗೂ ಬೆನ್ನು ಸೆಟೆಯುತ್ತಿತ್ತು. ಏಳು ನಿಮಿಷ. ಓಡಿಹೋಗಿ ಹುಡುಕಿಬಿಡಲೇ ಎಂದು ಕಾಲು ಮಿಡಿಯಿತು. ಅವಳು ಕೈಗಳನ್ನು ಮಂಡಿಗೆ ಊರಿ ಒತ್ತಿ ಹಿಡಿದಳು. ತನಗೆ ಏಳು ನಿಮಿಷ ಇಷ್ಟಾದರೆ, ಮಲ್ಲಕ್ಕ ಮೂರೂಮುಕ್ಕಾಲು ಗಂಟೆ ಕೂತಿದ್ದಳು. ಸೋಮವ್ವ ಕಣ್ಣು ಮುಚ್ಚಿ ಮನೆದೇವರ ಹೆಸರು ಹೇಳಿಕೊಳ್ಳುತ್ತಿದ್ದಳು. ಇನ್ನೊಂದು ಲೋಕಲ್ ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

ಹನ್ನೊಂದನೇ ನಿಮಿಷಕ್ಕೆ ಪಕ್ಕದಲ್ಲಿ ಸೋಮವ್ವನ ಬೆನ್ನ ಮೇಲೆ ಕೈಯೊಂದು ಬಿತ್ತು, "ಖೋ" ಎಂದದ್ದು ಕೇಳಿತು. ಸೋಮವ್ವ ಎದ್ದು, ತಿರುಗಿ, ಮಗಳ ಕೆನ್ನೆಗೆ ಮೆಲ್ಲಗೊಂದು ಏಟು ಕೊಟ್ಟು, ಅದೇ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಎಲ್ಲಿ ಹೋಗಿದ್ದಿ?"

"ಆ ತುದೀತನಕ," ಎಂದಳು ಮಲ್ಲಕ್ಕ, ಪ್ಲಾಟ್‌ಫಾರ್ಮಿನ ಕೊನೆಗೆ ಬೆರಳು ತೋರಿಸಿ. "ಒಬ್ಬಾಕೀನ ಹೋಗಿ ನೋಡಿ ಬಂದ್ನಿ."

ಲಾವಣ್ಯಾ ಇನ್ನೂ ಕೂತಿದ್ದಳು, ಮುಂದೆ ನೋಡುತ್ತ. ಮಲ್ಲಕ್ಕ ಅವಳನ್ನು ಬೇಕೆಂದೇ ಸ್ವಲ್ಪ ಹೊತ್ತು ಕಾಯಿಸಿದಳು. ಕೊನೆಗೆ ಎಡ ಹೆಗಲ ಕೆಳಗೆ, ಬೆಚ್ಚಗೆ, ಅಗಲವಾದ ಅಂಗೈಯೊಂದು ಬಿತ್ತು.

"ಖೋ," ಎಂದಳು ಮಲ್ಲಕ್ಕ. ಆಮೇಲೆ ಕಿವಿಯ ಬಳಿ ಬಾಗಿ ಹೇಳಿದಳು: "ನಾ ಮರೀಲಿಲ್ಲ ನೋಡು."

ಲಾವಣ್ಯಾ ಎದ್ದಳು. ಮುಂದಿನ ಲೋಕಲ್ ಬರುತ್ತಿತ್ತು. ಮೂವರೂ ಕೈ ಹಿಡಿದುಕೊಂಡು ಲೇಡೀಸ್ ಡಬ್ಬಿ ಬಂದು ನಿಲ್ಲುವ ಕಡೆಗೆ ನಡೆದರು.